ಮೊದಲು ಕಂಪನಿ, ಆಮೇಲೆ ಅರ್ಜಿ

ಒಂದೇ ರೆಸ್ಯೂಮೆಯನ್ನು ಕಂಡಕಂಡ ಜಾಹೀರಾತಿಗೆಲ್ಲ ಕಳಿಸುತ್ತಾ ಹೋದರೆ ದಿನವಿಡೀ ದುಡಿದ ಹಾಗನಿಸುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಎಷ್ಟೋ ಕಡೆ ಜಾಹೀರಾತು ಹೊರಬೀಳುವ ಹೊತ್ತಿಗೆ ತಂಡದೊಳಗಿನವರು ಒಂದೆರಡು ಹೆಸರು ಸೂಚಿಸಿ ಆಗಿರುತ್ತದೆ. ಹಾಗಾಗಿ ಜಾಹೀರಾತಿಗೆ ಕಾಯದೆ, ಎಲ್ಲಿ ಉಪಯೋಗಕ್ಕೆ ಬರುತ್ತೀರಿ ಎಂದು ಮೊದಲೇ ಗೊತ್ತುಮಾಡಿಕೊಂಡು ಅಲ್ಲಿನವರನ್ನು ಮಾತಾಡಿಸಿ.

ಶುರುವಿಗೆ 30ರಿಂದ 40 ಕಂಪನಿಗಳ ಪಟ್ಟಿ ಸಾಕು. ಈಗಿನ ಕಂಪನಿಯ ಪ್ರತಿಸ್ಪರ್ಧಿಗಳು, ಅದಕ್ಕೆ ಮಾಲು ಪೂರೈಸುವವರು, ಅದರ ಗ್ರಾಹಕರು, ಹಳೆಯ ಸಹೋದ್ಯೋಗಿಗಳು ಸೇರಿಕೊಂಡ ಜಾಗಗಳು ಇಷ್ಟನ್ನು ಬರೆದರೆ ಪಟ್ಟಿ ತಾನೇ ತುಂಬುತ್ತದೆ. ಎಕ್ಸೆಲ್ ಶೀಟಿನಲ್ಲಿ ಐದು ಕಾಲಂ ಇರಲಿ: ಕಂಪನಿ, ಅಲ್ಲಿಗೆ ನಾನೇಕೆ ಬೇಕು, ಮಾತಾಡಿಸಬೇಕಾದವರು, ಕೊನೆಯ ಬಾರಿ ಬರೆದ ತಾರೀಕು, ಮುಂದೇನು. ಎರಡನೇ ಕಾಲಂ ತುಂಬಲು ಒಂದು ವಾಕ್ಯವೂ ಹೊಳೆಯದಿದ್ದರೆ ಆ ಹೆಸರನ್ನು ಹೊಡೆದುಹಾಕಿ. ಹತ್ತು ಹೆಸರು ಉಳಿದರೂ ಸಾಲದೇನಿಲ್ಲ. ದೊಡ್ಡ ಹೆಸರಿನ ಕಂಪನಿಗಳೇ ಪಟ್ಟಿ ತುಂಬ ಇದ್ದರೆ ಮತ್ತೆ ಕೂತು ಯೋಚಿಸಿ, ಎಲ್ಲರೂ ಮುಗಿಬೀಳುವುದೂ ಅಲ್ಲಿಗೇ.

ಬರೆಯುವುದು ಯಾರಿಗೆ? ಎಚ್‌ಆರ್ ವಿಭಾಗದ ಕೈಗೆ ಬರುವುದು ಮಂಜೂರಾದ ಹುದ್ದೆ. ಆಳು ಸಾಲುತ್ತಿಲ್ಲ ಎಂಬುದು ಅದಕ್ಕೂ ಮೊದಲು ತಂಡದ ಮುಖ್ಯಸ್ಥರಿಗೆ ಗೊತ್ತಿರುತ್ತದೆ. ನೇಮಕವಾದರೆ ನಿಮಗೆ ಯಾರು ಮೇಲಿನವರಾಗುತ್ತಾರೋ ಅವರನ್ನೇ ಹುಡುಕಿ. ಚಿಕ್ಕ ಕಂಪನಿಯಾದರೆ ನೇರವಾಗಿ ಮಾಲೀಕರಿಗೇ ಬರೆಯಬಹುದು. ನಡುವೆ ಪರಿಚಯ ಮಾಡಿಕೊಡುವವರು ಸಿಕ್ಕರೆ ಇನ್ನೂ ಒಳ್ಳೆಯದು, ಅವರು ಆಪ್ತರೇ ಆಗಿರಬೇಕಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ವಿವರಿಸಿದ್ದರು: ಆಪ್ತರಿಗೆ ತಿಳಿದಿರುವ ಸುದ್ದಿ ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯದವರಿಂದ. ವರ್ಷಗಟ್ಟಲೆ ಮಾತಾಡದ ಸಹಪಾಠಿಗೆ ಬರೆಯಲು ಸಂಕೋಚವಾಗುವುದು ಸಹಜ, ಆದರೂ ಬರೆಯಿರಿ.

ಸಂದೇಶ ಐದಾರು ಸಾಲು ಮೀರಬಾರದು. ಹೀಗೆ: "ನಮಸ್ಕಾರ ಮೇಡಂ. ನಾನು ನಾಲ್ಕು ವರ್ಷದಿಂದ ಗೋದಾಮಿನ ಸ್ಟಾಕ್ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ನಿಮ್ಮಲ್ಲಿ ಎರಡನೇ ಗೋದಾಮು ಶುರುವಾದ ಸುದ್ದಿ ಓದಿದೆ. ಎರಡೂ ಕಡೆಯ ಸ್ಟಾಕನ್ನು ನಿಮ್ಮ ತಂಡ ಹೇಗೆ ಹೊಂದಿಸುತ್ತಿದೆ ಎಂದು ತಿಳಿದುಕೊಳ್ಳುವ ಆಸೆ. ಕೆಲಸ ಬದಲಿಸುವ ಯೋಚನೆಯಲ್ಲೂ ಇದ್ದೇನೆ. ಮುಂದಿನ ವಾರ ಫೋನಿನಲ್ಲಿ 15 ನಿಮಿಷ ಮಾತಾಡಲು ನಿಮಗೆ ಬಿಡುವಾಗಬಹುದೇ?" ಇಲ್ಲಿ ಕೇಳಿದ್ದು ಹದಿನೈದು ನಿಮಿಷ, ಕೆಲಸವನ್ನಲ್ಲ. ಕೆಲಸ ಕೊಡಿ ಎಂದರೆ ಅವರು ಹೌದು ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ, ಇಲ್ಲ ಎನ್ನಲು ಮುಜುಗರ, ಕೊನೆಗೆ ಸುಮ್ಮನಾಗುತ್ತಾರೆ. ಅವರು ಕೇಳುವ ಮೊದಲೇ ರೆಸ್ಯೂಮೆ ಲಗತ್ತಿಸಿದರೂ ಅದೇ ಗತಿ. ಒಂದೇ ಕಂಪನಿಯ ನಾಲ್ವರಿಗೆ ಒಂದೇ ಒಕ್ಕಣೆ ಹೋದರೆ ಅವರು ಪರಸ್ಪರ ತೋರಿಸಿಕೊಳ್ಳುತ್ತಾರೆ, ಆ ಬಾಗಿಲು ಮುಚ್ಚಿತೆಂದೇ ಲೆಕ್ಕ. ವಾರವಾದರೂ ಉತ್ತರವಿಲ್ಲದಿದ್ದರೆ ಒಮ್ಮೆ ಎರಡು ಸಾಲಿನಲ್ಲಿ ನೆನಪಿಸಿ. ಅದಕ್ಕೂ ಮೌನವಾದರೆ ಅದೇ ಕಂಪನಿಯ ಬೇರೊಬ್ಬರಿಗೆ ಹೊಸದಾಗಿ ಬರೆಯಿರಿ.

ಮಾತು ಸಿಕ್ಕಾಗ ಹೆಚ್ಚು ಹೊತ್ತು ಅವರೇ ಮಾತಾಡಲಿ. ನಿಮ್ಮ ತಂಡದ ಸಮಯ ಹೆಚ್ಚು ತಿನ್ನುವ ಕೆಲಸ ಯಾವುದು, ಹೊಸಬರು ಮೊದಲ ಆರು ತಿಂಗಳಲ್ಲಿ ಏನು ಮಾಡಿ ತೋರಿಸಬೇಕು, ಇನ್ಯಾರನ್ನು ಮಾತಾಡಿಸಿದರೆ ಒಳ್ಳೆಯದು ಎಂಬ ಮೂರು ಪ್ರಶ್ನೆ ತಪ್ಪದೆ ಕೇಳಿ. ಮೂರನೆಯದು ಮುಂದಿನ ಪರಿಚಯಕ್ಕೆ ದಾರಿ. ಹೇಳಿದ ಹದಿನೈದು ನಿಮಿಷ ಮುಗಿಯುತ್ತಿದ್ದಂತೆ ನೀವೇ ಅದನ್ನು ನೆನಪಿಸಿ.

ಎಡವುವುದು ಹೆಚ್ಚಾಗಿ ರೆಫರಲ್, ಅಂದರೆ ಕಂಪನಿಯ ಒಳಗಿನವರು ನಿಮ್ಮ ಹೆಸರು ಸೂಚಿಸುವ ವಿಷಯದಲ್ಲಿ. ಪೋರ್ಟಲ್ ಮೂಲಕ ಅರ್ಜಿ ಹಾಕಿದವರ ಹೆಸರನ್ನು ಆಮೇಲೆ ಒಳಗಿನವರು ಸೂಚಿಸಲು ಹೋದರೆ, ಈ ಅಭ್ಯರ್ಥಿ ಆಗಲೇ ದಾಖಲಾಗಿದ್ದಾರೆ ಎಂದು ಹಲವು ಕಂಪನಿಗಳ ವ್ಯವಸ್ಥೆ ತಿರಸ್ಕರಿಸುತ್ತದೆ. ಆದ್ದರಿಂದ ಮೊದಲು ಮಾತು, ನಂತರ ರೆಫರಲ್, ಅರ್ಜಿ ಕೊನೆಗೆ. ಅರ್ಜಿಯ ಕೊನೆಯ ದಿನ ಹತ್ತಿರವಿದ್ದರೆ ಮಾತ್ರ ಈ ಕ್ರಮ ಬಿಡಬಹುದು. ಸೂಚಿಸಲು ಒಪ್ಪಿದವರಿಗೆ ಹುದ್ದೆಯ ಲಿಂಕ್ ಮತ್ತು ನಿಮ್ಮ ಬಗ್ಗೆ ಮೂರು ಸಾಲನ್ನು ನೀವೇ ಬರೆದು ಕಳಿಸಿ. ಅವರು ಅದನ್ನು ಹಾಗೇ ಹಾಕಿಬಿಡುವಂತಿರಬೇಕು.

ರೆಸ್ಯೂಮೆಯನ್ನು ಪ್ರತಿ ಸಲ ಹೊಸದಾಗಿ ಬರೆಯಬೇಕಿಲ್ಲ. ಮೊದಲ ಪುಟದ ಮೇಲಿನ ಮೂರನೇ ಒಂದು ಭಾಗವನ್ನು ಆ ಹುದ್ದೆಗೆ ತಕ್ಕಂತೆ ತಿದ್ದಿದರೆ ಸಾಕು. "ಸ್ಟಾಕ್ ನಿರ್ವಹಣೆಯ ಹೊಣೆ" ಎನ್ನುವ ಬದಲು ಎಷ್ಟು ಬಗೆಯ ಮಾಲು, ಎಷ್ಟು ಜನರ ತಂಡ, ವ್ಯತ್ಯಾಸ ಎಷ್ಟರಿಂದ ಎಷ್ಟಕ್ಕೆ ಇಳಿಯಿತು ಎಂದು ಬರೆಯಿರಿ. ಎರಡು ಕಾಲಂ ವಿನ್ಯಾಸ, ಪುಟದ ಮೇಲಂಚಿನ ಹೆಡರ್‌ನಲ್ಲಿ ಫೋನ್ ನಂಬರ್ ಬೇಡ. ಅರ್ಜಿ ಓದುವ ಕೆಲವು ಸಾಫ್ಟ್‌ವೇರ್‌ಗಳು ಅವನ್ನು ಕಲಸಿಹಾಕುತ್ತವೆ ಅಥವಾ ಬಿಟ್ಟೇಬಿಡುತ್ತವೆ.

ಪರೀಕ್ಷೆ ಮತ್ತು ಮೆರಿಟ್ ಪಟ್ಟಿಯ ಮೇಲೆ ನಡೆಯುವ ಸರ್ಕಾರಿ ನೇಮಕಾತಿಗೆ ಇದ್ಯಾವುದೂ ಸಲ್ಲದು. ಅಲ್ಲಿ ಆಯ್ಕೆ ಮಾಡುವವರನ್ನು ಸಂಪರ್ಕಿಸಿದರೆ ಅನರ್ಹರಾಗುವ ಅಪಾಯವೇ ಇದೆ.

ಮಾತಾಡಿದ ಮರುದಿನದೊಳಗೆ ಧನ್ಯವಾದ ಬರೆಯಿರಿ. ಅವರು ಹೇಳಿದ ಒಂದು ಸಲಹೆಯನ್ನು ಪಾಲಿಸಿ, ಏನಾಯಿತೆಂದು ಎರಡು ಮೂರು ವಾರಕ್ಕೆ ತಿಳಿಸಿ. ಆಗ ಹುದ್ದೆ ಖಾಲಿ ಇಲ್ಲದಿದ್ದರೂ ಶೀಟಿನಲ್ಲಿ ಅವರ ಹೆಸರಿನ ಮುಂದೆ ಮೂರು ತಿಂಗಳ ನಂತರದ ಒಂದು ತಾರೀಕು ಹಾಕಿಡಿ.