ಕಲ್ಲು ಬೀಳದ ದಿನದ ಫೋಟೊ

ಭಾನುವಾರ, ಏಪ್ರಿಲ್ 19, 2026
ಬೊಮ್ಮನಹಳ್ಳಿ, ಬೆಂಗಳೂರು

ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದು ಹತ್ತು ವರ್ಷ ಆಯಿತು. ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಅಂತ 2016ರ ಫೆಬ್ರುವರಿಯಲ್ಲಿ ಕೇಂದ್ರ ನಿಯಮ ತಂದಿತ್ತು. ಏಪ್ರಿಲ್ 18ಕ್ಕೆ ಹೊಸೂರು ರಸ್ತೆ ತುಂಬಿಹೋಯಿತು. ಮಾರನೇ ದಿನ ಬಸ್ಸುಗಳು ಉರಿದವು. ಅವತ್ತೇ ನಿಯಮ ವಾಪಸ್ ಆಯಿತು. ಮಗಳ ಮದುವೆಗೋ, ಊರಿನ ಸಾಲಕ್ಕೋ ಅಂತ ನಂಬಿಕೊಂಡಿದ್ದ ದುಡ್ಡು ಅದು. ಸುಮ್ನೆ ಬೀದಿಗೆ ಬಂದವರಲ್ಲ.

ಆಗ ನಾನು ಒಂದು ಪತ್ರಿಕೆಯಲ್ಲಿದ್ದೆ. ರಸ್ತೆ ಮಧ್ಯೆ ಕೂತು ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಿದ್ದ ಹೆಂಗಸರ ಫೋಟೊ ಕಳಿಸಿದ್ದೆ. ಡೆಸ್ಕಿನವರು ಹಾಕಿದ್ದು ಉರಿಯುವ ಬಸ್ಸನ್ನು. ಅದೂ ಸುದ್ದಿಯೇ, ಇಲ್ಲ ಅನ್ನಲ್ಲ. ಆದರೆ ಆ ಪುಟ ನೋಡಿದವರಿಗೆ ಈ ಹೆಂಗಸರು ಯಾರು, ಯಾಕೆ ಬಂದರು ಅಂತ ಹೇಗೆ ಗೊತ್ತಾಗಬೇಕು? ಗಲಾಟೆ ಮುಗಿದ ಕೂಡಲೇ ಕ್ಯಾಮೆರಾಗಳೂ ಹೊರಟವು. ನನಗೆ ಹೊರಡಲು ಮನಸ್ಸಾಗಲಿಲ್ಲ. ಕೆಲವು ತಿಂಗಳಲ್ಲೇ ಕೆಲಸ ಬಿಟ್ಟೆ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳು ನನಗೆ ಧೈರ್ಯ ಕೊಟ್ಟವು. ದಿನನಿತ್ಯದ ಬದುಕಿನಲ್ಲಿರುವ ಸಾಮಾನ್ಯ ಜನರನ್ನು ಅವರಷ್ಟು ಪ್ರೀತಿಯಿಂದ ನೋಡಿದವರು ಕಡಿಮೆ.

ಗಾರ್ಮೆಂಟ್ಸ್ ಹೆಂಗಸರ ದಿನನಿತ್ಯದ ಬದುಕಿನ ಫೋಟೊ ತೆಗೆಯುವ ಈ ಕೆಲಸಕ್ಕೆ ಭಾನುವಾರವೇ ಬೇಕು. ಉಳಿದ ದಿನ ಇವರು ಮನೆಯಲ್ಲಿ ಸಿಗಲ್ಲ, ಫ್ಯಾಕ್ಟರಿ ಒಳಗೆ ನಮ್ಮನ್ನು ಬಿಡಲ್ಲ. ಇವತ್ತು ಹೋಗಿದ್ದ ಮನೆಯ ಅಕ್ಕ ಕಾಲರ್ ಹೊಲಿಯುವ ಟೈಲರ್. ವಾರದ ಬಟ್ಟೆ ಒಗೆದು, ದೋಸೆಗೆ ರುಬ್ಬಿಟ್ಟು, ಆಮೇಲೆ ಕೂತರು. ತೋರುಬೆರಳಿನ ಉಗುರು ನಡುವೆ ಸೀಳಿ ಮತ್ತೆ ಕೂಡಿಕೊಂಡಿದೆ. "ಸೂಜಿ ಹೊಕ್ಕಿದ್ದು ಅಣ್ಣ. ನಾನು ಎದ್ದರೆ ನನ್ನ ಹಿಂದಿನವಳ ಪೀಸ್ ನಿಲ್ಲುತ್ತೆ, ಟಾರ್ಗೆಟ್ ಹೋಗುತ್ತೆ. ಬಟ್ಟೆ ಸುತ್ಕೊಂಡು ಹೊಲಿದೆ." ಕಿಟಕಿ ಬೆಳಕಿನಲ್ಲಿ ಆ ಬೆರಳನ್ನೇ ತೆಗೆದೆ.

ಮುಖ ತೆಗೆಯುವಂತಿಲ್ಲ. ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಕೆಲಸವೇ ಹೋಗಬಹುದು. ಮೊಳೆಗೆ ನೇತುಹಾಕಿದ್ದ ಐಡಿ ಕಾರ್ಡನ್ನೂ ಅವರೇ ಎದ್ದು ತಿರುಗಿಸಿದರು. ಮುಖವಿಲ್ಲದ ಫೋಟೊಗೆ ಬೆಲೆ ಇಲ್ಲ ಅಂತ ಕೆಲವರು ಅಂತಾರೆ, ನಾನು ಒಪ್ಪಲ್ಲ. ಅವರ ಅನ್ನಕ್ಕೆ ಕಲ್ಲು ಹಾಕಿ ತೆಗೆಯುವ ಚಿತ್ರ ನನಗೆ ಬೇಡ.

ಹೊರಡುವಾಗ ಅವರೇ ಕರೆದರು. ಹೊಸ ಸೀರೆ ಉಟ್ಟು, ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದರು. "ಇದು ಪೇಪರಿಗಲ್ಲ, ಊರಲ್ಲಿ ಅಮ್ಮನಿಗೆ ಕೊಡೋಕೆ." ಅವರು ಜಾತ್ರೆಗೆ ಹೊರಡುವ ಮೊದಲು ಪ್ರಿಂಟ್ ಹಾಕಿಸಿ ಕೊಡಬೇಕು, ಸ್ವಲ್ಪ ದೊಡ್ಡದೇ ಇರಲಿ.