ಹೊಸ ಕೋಚ್ ಬಂದಿದ್ದಾರೆ, ಇನ್ನಾದರೂ ಗೆಲ್ಲುತ್ತೇವೆಯೇ?

ಭಾರತ ಹಾಕಿ ತಂಡಕ್ಕೆ ಹೊಸ ಮುಖ್ಯ ಕೋಚ್ ನೇಮಕವಾದಾಗಲೆಲ್ಲ ನನ್ನನ್ನು ಜನ ಕೇಳುವುದು ಒಂದೇ ಪ್ರಶ್ನೆ: ‘ಇವರಿಂದ ಏನನ್ನು ನಿರೀಕ್ಷಿಸಬಹುದು? ಪದಕ ಬರುತ್ತದೆಯೇ?’ ಹಾಕಿಯನ್ನು ಬಿಡದೆ ನೋಡುವವನು ನಾನು ಎಂದು ಗೊತ್ತಿರುವವರು ಕೇಳುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಹಾಕಿ ನೋಡುವವರೂ ಕೇಳುತ್ತಾರೆ. ನನ್ನ ಉತ್ತರ ಬಹಳ ಕಾಲದಿಂದ ಬದಲಾಗಿಲ್ಲ. ಮೊದಲ ವರ್ಷ ಪದಕದ ಲೆಕ್ಕ ಹಾಕಬೇಡಿ. ಚೆಂಡು ನಮ್ಮಿಂದ ಕೈತಪ್ಪಿದ ಕ್ಷಣದಲ್ಲಿ ನಮ್ಮ ಹನ್ನೊಂದು ಜನ ಏನು ಮಾಡುತ್ತಾರೆ ಎಂಬುದನ್ನು ನೋಡಿ. ಕೋಚ್ ಕೆಲಸ ಮೊದಲು ಕಾಣಿಸುವುದು ಅಲ್ಲಿ.

ಇದು ಬಾಯಿಮಾತಲ್ಲ ಎಂದು ತೋರಿಸಲು ಎರಡು ಒಲಿಂಪಿಕ್ಸ್‌ಗಳ ಅಂಕಿಗಳು ಸಾಕು. 2021ರಲ್ಲಿ ಟೋಕಿಯೊದಲ್ಲಿ ಗ್ರಹಾಂ ರೀಡ್ ಕೋಚ್ ಆಗಿದ್ದಾಗ ಭಾರತ 8 ಪಂದ್ಯ ಆಡಿ 25 ಗೋಲು ಹೊಡೆಯಿತು, 23 ಗೋಲು ಬಿಟ್ಟುಕೊಟ್ಟಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಕ್ರೇಗ್ ಫುಲ್ಟನ್ ಕೋಚ್ ಆಗಿದ್ದಾಗ ಅಷ್ಟೇ ಪಂದ್ಯಗಳಲ್ಲಿ ಹೊಡೆದದ್ದು 15, ಬಿಟ್ಟುಕೊಟ್ಟದ್ದು 12. ಎರಡೂ ಕಡೆ ಸಿಕ್ಕಿದ್ದು ಕಂಚು. ಟೋಕಿಯೊದ ಕಂಚಿನ ಪಂದ್ಯ ಜರ್ಮನಿಯ ವಿರುದ್ಧ 5-4ರಲ್ಲಿ ಮುಗಿಯಿತು. 41 ವರ್ಷಗಳ ನಂತರ ಬಂದ ಪದಕ, ನೋಡಿದವರ ಎದೆಬಡಿತ ಕೊನೆಯ ಸೆಕೆಂಡಿನವರೆಗೂ ಇಳಿಯಲಿಲ್ಲ. ಪ್ಯಾರಿಸ್‌ನಲ್ಲಿ ಸ್ಪೇನ್ ವಿರುದ್ಧ 2-1. ಪದಕದ ಬಣ್ಣವನ್ನಷ್ಟೇ ನೋಡಿದವರಿಗೆ ಮೂರು ವರ್ಷಗಳಲ್ಲಿ ಏನೂ ಬದಲಾಗಲಿಲ್ಲ ಎನಿಸೀತು. ಆದರೆ ತಂಡ ಬಿಟ್ಟುಕೊಟ್ಟ ಗೋಲುಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಟೋಕಿಯೊದ 23ರಲ್ಲಿ 7 ಗೋಲು ಆಸ್ಟ್ರೇಲಿಯಾ ಒಂದೇ ಪಂದ್ಯದಲ್ಲಿ ಹೊಡೆದದ್ದು, ನಿಜ. ಅದನ್ನು ಬಿಟ್ಟು ಲೆಕ್ಕ ಹಾಕಿದರೂ ಪ್ಯಾರಿಸ್‌ನ ರಕ್ಷಣೆಯೇ ಮೇಲು.

ಇಲ್ಲಿಯೇ ಅಭಿಮಾನಿಗಳಿಗೂ ಕೋಚ್‌ಗೂ ಮೊದಲ ಜಗಳ ಶುರುವಾಗುತ್ತದೆ. ನಮ್ಮಲ್ಲಿ ಹಾಕಿ ಎಂದರೆ ಆಕ್ರಮಣ. 1928ರಿಂದ 1980ರವರೆಗೆ ಬಂದ ಎಂಟು ಒಲಿಂಪಿಕ್ ಚಿನ್ನಗಳ ನೆನಪು ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಮೂವರನ್ನು ದಾಟಿಹೋಗುವ ಆಟಗಾರನ ನೆನಪೂ ಹೌದು. ಹುಲ್ಲಿನ ಮೈದಾನದಿಂದ ಕೃತಕ ಟರ್ಫ್‌ಗೆ ಆಟ ಬಂದು ಅರ್ಧ ಶತಮಾನವೇ ಆಗುತ್ತಾ ಬಂದರೂ ಆ ಚಿತ್ರ ಮನಸ್ಸಿನಿಂದ ಹೋಗಿಲ್ಲ. ಹೋಗಬೇಕೆಂದೂ ನಾನು ಹೇಳುವುದಿಲ್ಲ. ಆದರೆ ‘ಮೊದಲು ರಕ್ಷಿಸು, ಅದರಿಂದ ಗೆಲ್ಲು’ ಎನ್ನುವ ಫುಲ್ಟನ್ ಅವರಂಥ ಕೋಚ್ ಬಂದಾಗ ‘ನಮ್ಮ ಆಟವನ್ನೇ ಕೊಂದರು’ ಎಂದು ಮೊದಲ ತಿಂಗಳಲ್ಲೇ ತೀರ್ಪು ಕೊಡುವುದು ನ್ಯಾಯವಲ್ಲ. ಈಗಿನ ಹಾಕಿಯಲ್ಲಿ ರಕ್ಷಣೆ ಎಂದರೆ ಹಿಂದೆ ಸರಿದು ಗೋಲಿನ ಮುಂದೆ ಗುಂಪುಗಟ್ಟುವುದಲ್ಲ. ಅದು ಮುಂಚೂಣಿ ಆಟಗಾರರಿಂದಲೇ ಆರಂಭವಾಗುತ್ತದೆ. ಎದುರಾಳಿಯ ಡಿಫೆಂಡರ್ ಕೈಯಲ್ಲಿ ಚೆಂಡಿದ್ದಾಗ ಯಾರು ಮುಂದೆ ಒತ್ತಬೇಕು, ಯಾರು ಪಾಸ್ ಹೋಗುವ ದಾರಿಯನ್ನು ಮುಚ್ಚಬೇಕು, ಯಾವ ಬದಿಗೆ ಅವನನ್ನು ತಳ್ಳಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಒಬ್ಬ ಅರ್ಧ ಸೆಕೆಂಡು ತಡ ಮಾಡಿದರೂ ಇಡೀ ಬಲೆ ಹರಿಯುತ್ತದೆ. ಇದು ಒಂದು ಶಿಬಿರದಲ್ಲಿ ಬರುವ ವಿದ್ಯೆಯಲ್ಲ. ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಶಿಬಿರಗಳಲ್ಲಿ ತಿಂಗಳುಗಟ್ಟಲೆ ಒಂದೇ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿದ ಮೇಲೆ ಕಾಲು ತಾನಾಗಿಯೇ ಆ ಜಾಗಕ್ಕೆ ಹೋಗುತ್ತದೆ.

ಸಮಯದ ಬೆಲೆ ಏನೆಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ನೆದರ್ಲೆಂಡ್ಸ್‌ನ ಶೋರ್ಡ್ ಮರೈನ್ ಅವರದು. 2017ರ ಸೆಪ್ಟೆಂಬರ್‌ನಲ್ಲಿ ಅವರನ್ನು ಮಹಿಳಾ ತಂಡದಿಂದ ಪುರುಷರ ತಂಡಕ್ಕೆ ತಂದರು. ಮುಂದಿನ ವರ್ಷ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪುರುಷರು ನಾಲ್ಕನೆಯವರಾದರು. ಮೇ ತಿಂಗಳಿಗೆ ಮರೈನ್ ಮತ್ತೆ ಮಹಿಳಾ ತಂಡಕ್ಕೆ ವಾಪಸ್. ಪುರುಷರ ತಂಡದಲ್ಲಿ ‘ವಿಫಲ’ ಎನಿಸಿಕೊಂಡ ಅದೇ ವ್ಯಕ್ತಿಗೆ ಮಹಿಳೆಯರ ಜೊತೆ ಮೂರು ವರ್ಷಗಳ ಅವಕಾಶ ಸಿಕ್ಕಿತು. ದೈಹಿಕ ಸಾಮರ್ಥ್ಯದ ಹೊಣೆ ಹೊತ್ತ ವೇಯ್ನ್ ಲೊಂಬಾರ್ಡ್ ಜೊತೆಗಿದ್ದರು, ನಾಯಕಿಯಾಗಿ ರಾಣಿ ರಾಂಪಾಲ್ ಇದ್ದರು, ಗೋಲಿನಲ್ಲಿ ಸವಿತಾ ಪೂನಿಯಾ. ಟೋಕಿಯೊದಲ್ಲಿ ಆ ತಂಡ ಮೊದಲ ಮೂರು ಪಂದ್ಯಗಳನ್ನೂ ಸೋತಿತು: ನೆದರ್ಲೆಂಡ್ಸ್‌ಗೆ 1-5, ಜರ್ಮನಿಗೆ 0-2, ಬ್ರಿಟನ್‌ಗೆ 1-4. ಅಲ್ಲಿಗೆ ಎಲ್ಲ ಮುಗಿಯಿತು ಎಂದು ಟಿವಿ ಆರಿಸಿದವರು ಬಹಳ. ಅದೇ ತಂಡ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ಯಿಂದ ಮಣಿಸಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೆಮಿಫೈನಲ್‌ನಲ್ಲಿ ಆಡಿತು. ಕಂಚಿನ ಪಂದ್ಯದಲ್ಲಿ ಬ್ರಿಟನ್ ಎದುರು 3-4ರಿಂದ ಸೋತಾಗ ಅತ್ತ ಆ ಹುಡುಗಿಯರು ಇಡೀ ದೇಶವನ್ನು ಹಾಕಿಯತ್ತ ತಿರುಗಿಸಿದ್ದರು. ಮರೈನ್ ಎಂಟು ತಿಂಗಳಲ್ಲಿ ಮಾಡಲಾಗದ್ದನ್ನು ಮೂರು ವರ್ಷಗಳಲ್ಲಿ ಮಾಡಿದರು. ಅವರ ಜಾಣತನ ಆ ನಡುವೆ ದುಪ್ಪಟ್ಟಾಗಿರಲಿಲ್ಲ.

ಪುರುಷರ ತಂಡದಲ್ಲಿ ಆ ವರ್ಷಗಳಲ್ಲಿ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. 2013ರಲ್ಲಿ ಮೈಕೆಲ್ ನಾಬ್ಸ್ ಹೋದರು. ಟೆರಿ ವಾಲ್ಶ್ ಬಂದರು, 2014ರ ಇಂಚಿಯೋನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು, ಕೆಲವೇ ವಾರಗಳಲ್ಲಿ ಹೊರನಡೆದರು. ಪಾಲ್ ವಾನ್ ಆಸ್ 2015ರಲ್ಲಿ ಬಂದು ಅದೇ ವರ್ಷ ಹೋದರು. ರೋಲಂಟ್ ಓಲ್ಟ್‌ಮನ್ಸ್ ಎರಡು ವರ್ಷ, ಮರೈನ್ ಎಂಟು ತಿಂಗಳು, ಹರೇಂದ್ರ ಸಿಂಗ್ 2018ರ ಮೇ ತಿಂಗಳಿನಿಂದ ಮರುವರ್ಷದ ಜನವರಿಯವರೆಗೆ. ಪ್ರತಿಯೊಬ್ಬರೂ ತಮ್ಮದೇ ಆಟದ ರೀತಿಯನ್ನು ತಂದರು. ಆಟಗಾರರು ಒಂದನ್ನು ಮರೆತು ಇನ್ನೊಂದನ್ನು ಕಲಿಯುವುದರಲ್ಲೇ ತಮ್ಮ ಅತ್ಯುತ್ತಮ ವರ್ಷಗಳನ್ನು ಕಳೆದರು. ಬಿತ್ತಿದ ಬೀಜ ಮೊಳೆಯಿತೇ ಎಂದು ದಿನವೂ ಮಣ್ಣು ಕೆದಕಿ ನೋಡಿದರೆ ಬೆಳೆ ಬರುವುದು ಹೇಗೆ?

ಇನ್ನು 2023ರ ವಿಶ್ವಕಪ್. ಒಡಿಶಾದಲ್ಲಿ, ನಮ್ಮವರ ಮುಂದೆ, ನ್ಯೂಜಿಲೆಂಡ್ ವಿರುದ್ಧದ ಕ್ರಾಸ್‌ಓವರ್ ಪಂದ್ಯದಲ್ಲಿ, ಅಂದರೆ ಕ್ವಾರ್ಟರ್‌ಫೈನಲ್‌ಗೆ ಹೋಗಲು ಗೆಲ್ಲಲೇಬೇಕಾದ ಪಂದ್ಯದಲ್ಲಿ, 3-1ರ ಮುನ್ನಡೆ ಕೈಬಿಟ್ಟು 3-3 ಆಗಿ, ಶೂಟೌಟ್‌ನಲ್ಲಿ ಸೋತೆವು. ರೀಡ್ ರಾಜೀನಾಮೆ ಕೊಟ್ಟರು. ಆ ಟೂರ್ನಿಯಲ್ಲಿ ಭಾರತ ಅರವತ್ತು ನಿಮಿಷದ ಆಟದಲ್ಲಿ ಒಂದೂ ಪಂದ್ಯ ಸೋಲಲಿಲ್ಲ ಎಂದರೆ ಹಲವರು ನಂಬುವುದಿಲ್ಲ. ಸ್ಪೇನ್ ಮೇಲೆ ಗೆಲುವು, ಇಂಗ್ಲೆಂಡ್ ಜೊತೆ ಡ್ರಾ, ವೇಲ್ಸ್ ಮೇಲೆ ಗೆಲುವು; ಮಿಡ್‌ಫೀಲ್ಡ್‌ನ ಜೀವವಾಗಿದ್ದ ಹಾರ್ದಿಕ್ ಸಿಂಗ್ ನಡುವೆಯೇ ಗಾಯಗೊಂಡು ಹೊರಗುಳಿದಿದ್ದರು. ರೀಡ್ ಅವರ ಮೇಲಿನ ದೂರುಗಳಲ್ಲಿ ಹುರುಳಿರಲಿಲ್ಲ ಎಂದಲ್ಲ. ಪೆನಾಲ್ಟಿ ಕಾರ್ನರ್‌ಗಳು (ಗೋಲಿನ ಬಳಿ ಎದುರಾಳಿ ತಪ್ಪು ಮಾಡಿದಾಗ ಸಿಗುವ ಹೊಡೆತದ ಅವಕಾಶ) ವ್ಯರ್ಥವಾದವು, ಮುನ್ನಡೆ ಸಿಕ್ಕಾಗ ಅದನ್ನು ಕಾಯುವ ಗಟ್ಟಿತನ ಕಾಣಲಿಲ್ಲ. ಆದರೆ ಅದಕ್ಕೆ ಬೇಕಾಗಿದ್ದದ್ದು ಮನಸ್ಸಿನ ತರಬೇತಿ, ಮತ್ತು ಆ ವರ್ಷವೇ ಮಾನಸಿಕ ತರಬೇತುದಾರ ಪ್ಯಾಡಿ ಅಪ್ಟನ್ ತಂಡವನ್ನು ಸೇರಿದರು. ಆ ನೆರವು ಒಂದು ವರ್ಷ ಮೊದಲು ಬಂದಿದ್ದರೆ ಎಂದು ನಾನು ಇಂದಿಗೂ ಯೋಚಿಸುತ್ತೇನೆ.

ಫುಲ್ಟನ್ ಅವರ ಮೊದಲ ವರ್ಷವನ್ನೂ ನೋಡಿ. 2023ರ ಮಾರ್ಚ್‌ನಲ್ಲಿ ನೇಮಕ. ಆಗಸ್ಟ್‌ನಲ್ಲಿ ಚೆನ್ನೈಯಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜಪಾನ್ ಮೇಲೆ 5-1ರ ಗೆಲುವು, ಚಿನ್ನ, ಪ್ಯಾರಿಸ್ ಟಿಕೆಟ್. ಎಲ್ಲರೂ ಹೊಗಳಿದರು. 2024ರ ಏಪ್ರಿಲ್‌ನಲ್ಲಿ ಪರ್ತ್‌ಗೆ ಹೋಗಿ ಆಸ್ಟ್ರೇಲಿಯಾ ಎದುರು ಐದಕ್ಕೆ ಐದೂ ಪಂದ್ಯ ಸೋತಾಗ ಅದೇ ಬಾಯಿಗಳು ತೆಗಳಿದವು. ಒಲಿಂಪಿಕ್ಸ್‌ಗೆ ಮೂರು ತಿಂಗಳಿರುವಾಗ ಅಂಥ ಸೋಲು ಎದೆ ಒಡೆಯುವಂಥದ್ದು, ಒಪ್ಪುತ್ತೇನೆ. ಆದರೆ ಬಲಿಷ್ಠರ ನೆಲಕ್ಕೆ ಹೋಗಿ ಐದು ಪಂದ್ಯ ಆಡಲು ಒಪ್ಪಿದ ಧೈರ್ಯವನ್ನೂ ಗಮನಿಸಬೇಕಿತ್ತು. ಆಗಸ್ಟ್ 2ರಂದು ಪ್ಯಾರಿಸ್‌ನಲ್ಲಿ ಅದೇ ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿದೆವು. ಒಲಿಂಪಿಕ್ಸ್‌ನಲ್ಲಿ ಅವರ ಮೇಲೆ 1972ರ ನಂತರದ ಮೊದಲ ಗೆಲುವು ಅದು. 2025ರಲ್ಲೂ ಹೀಗೆಯೇ ಆಯಿತು: ಜೂನ್‌ನಲ್ಲಿ ಯುರೋಪ್‌ನಲ್ಲಿ ನಡೆದ ಪ್ರೊ ಲೀಗ್ (ಬಲಿಷ್ಠ ರಾಷ್ಟ್ರೀಯ ತಂಡಗಳ ಲೀಗ್) ಪಂದ್ಯಗಳಲ್ಲಿ ಸತತ ಏಳು ಸೋಲು, ಸೆಪ್ಟೆಂಬರ್‌ನಲ್ಲಿ ರಾಜಗೀರ್‌ನಲ್ಲಿ ಕೊರಿಯಾವನ್ನು 4-1ರಿಂದ ಮಣಿಸಿ ಏಷ್ಯಾ ಕಪ್.

ಬಂದ ವರ್ಷವೇ ಗೆದ್ದುಕೊಟ್ಟ ಕೋಚ್‌ಗಳೇ ಇಲ್ಲವೇ ಎಂದು ಕೇಳಿದರೆ, ಇದ್ದಾರೆ. ಐಸ್ ಹಾಕಿಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಬ್ಲೂಸ್ ತಂಡದ ಕಥೆ ಪ್ರಸಿದ್ಧ. 2018ರ ನವೆಂಬರ್‌ನಲ್ಲಿ ಕ್ರೇಗ್ ಬೆರೂಬಿ ಹಂಗಾಮಿ ಕೋಚ್ ಆಗಿ ಬಂದರು. ಜನವರಿಯ ಆರಂಭದಲ್ಲಿ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನದಲ್ಲಿದ್ದ ತಂಡ ಜೂನ್‌ನಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿಹಿಡಿಯಿತು. ಆದರೆ ಆ ಜನವರಿಯಲ್ಲೇ ಜೋರ್ಡನ್ ಬಿನ್ನಿಂಗ್ಟನ್ ಎಂಬ ಹೊಸ ಗೋಲ್‌ಕೀಪರ್ ಆ ತಂಡದ ಗೋಲನ್ನು ಕಾಯಲು ನಿಂತರು. ಕ್ಲಬ್‌ಗಳು ಆಟಗಾರರನ್ನು ಕೊಳ್ಳಬಹುದು, ಬದಲಿಸಿಕೊಳ್ಳಬಹುದು, ವಾರಕ್ಕೆ ಮೂರು ಪಂದ್ಯ ಆಡಿ ತಪ್ಪು ತಿದ್ದಿಕೊಳ್ಳಬಹುದು. ರಾಷ್ಟ್ರೀಯ ತಂಡದ ಕೋಚ್‌ಗೆ ದೇಶ ಬೆಳೆಸಿದ ಆಟಗಾರರಷ್ಟೇ ಇರುತ್ತಾರೆ.

ಹಾಗಾದರೆ ಮೊದಲ ವರ್ಷ ಏನನ್ನು ನೋಡಬೇಕು? ನಾನು ಪೆನಾಲ್ಟಿ ಕಾರ್ನರ್‌ಗಳಿಂದ ಶುರು ಮಾಡುತ್ತೇನೆ, ಆದರೆ ನಾವು ಪಡೆದವುಗಳಿಂದಲ್ಲ, ಕೊಟ್ಟವುಗಳಿಂದ. ಗೋಲಿನ ಮುಂದಿನ ಅರ್ಧವೃತ್ತದ (ಸರ್ಕಲ್) ಒಳಗೆ ಡಿಫೆಂಡರ್ ತಡವಾಗಿ ತಲುಪಿದಾಗಲೇ ಅವನ ಸ್ಟಿಕ್ ಎದುರಾಳಿಯ ಸ್ಟಿಕ್ಕಿಗೋ ಅವನ ಕಾಲು ಚೆಂಡಿಗೋ ತಾಗುವುದು. ಹಾಗಾಗಿ ಕೊಟ್ಟ ಕಾರ್ನರ್‌ಗಳು ಕಡಿಮೆಯಾಗುತ್ತಿದ್ದರೆ ಮುಂದಿನ ಸಾಲಿನ ಒತ್ತಡ ಸರಿಯಾಗುತ್ತಿದೆ ಎಂದೇ ಅರ್ಥ. ಆಮೇಲೆ ಕೊನೆಯ ಕ್ವಾರ್ಟರ್. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದಾದ ಈ ಆಟದಲ್ಲಿ 46ನೇ ನಿಮಿಷದಿಂದ ಯಾರ ಕಾಲು ಭಾರವಾಗಿದೆ ಎಂಬುದು ಕೋಚ್ ಬೆಂಚನ್ನು ಹೇಗೆ ಬಳಸಿದರು ಎಂಬುದನ್ನು ಹೇಳಿಬಿಡುತ್ತದೆ. ಚಿಕ್ಕ ವಯಸ್ಸಿನವರಿಗೆ ಎಂಥ ಹೊತ್ತಿನಲ್ಲಿ ಮೈದಾನ ಸಿಗುತ್ತದೆ ಎಂಬುದನ್ನೂ ನೋಡುತ್ತೇನೆ. 4-0 ಮುನ್ನಡೆಯಲ್ಲಿ ಐದು ನಿಮಿಷ ಆಡಿಸುವುದು ಲೆಕ್ಕಕ್ಕಿಲ್ಲ. 1-1 ಇದ್ದಾಗ ಇಳಿಸುವ ಕೋಚ್ ಮುಂದಿನ ದಿನಗಳನ್ನು ಯೋಚಿಸುತ್ತಿದ್ದಾರೆ.

ಈ ಎಲ್ಲವೂ ಒಟ್ಟಿಗೆ ಕಂಡದ್ದು ಪ್ಯಾರಿಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ. ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಪೆನಾಲ್ಟಿ ಕಾರ್ನರ್ ರಕ್ಷಣೆಯಲ್ಲಿ ಮೊದಲು ಮುನ್ನುಗ್ಗುವವನೇ ಹೊರಗೆ. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ. ಹರ್ಮನ್‌ಪ್ರೀತ್ ಸಿಂಗ್ ಗೋಲು ಹೊಡೆದರು, ಬ್ರಿಟನ್ ಸಮ ಮಾಡಿತು, ಆಮೇಲೆ ಏನೇ ಮಾಡಿದರೂ ಅವರಿಗೆ ಎರಡನೇ ಗೋಲು ಸಿಗಲಿಲ್ಲ. ಶೂಟೌಟ್‌ನಲ್ಲಿ 4-2. ಪಿ.ಆರ್. ಶ್ರೀಜೇಶ್ ಗೋಲಿನ ಮುಂದೆ ಗೋಡೆಯಾಗಿ ನಿಂತಿದ್ದನ್ನು ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಆದರೆ ಅವರ ಮುಂದಿದ್ದ ಒಂಬತ್ತು ಜನ ಗಾಬರಿಯಾಗದೆ, ಒಬ್ಬರ ಜಾಗವನ್ನು ಇನ್ನೊಬ್ಬರು ತುಂಬುತ್ತಾ ಓಡಿದ್ದು ಹದಿನೇಳು ತಿಂಗಳ ಕೆಲಸದ ಫಲ. ಆ ಪಂದ್ಯವನ್ನು ನಾನು ಚಿನ್ನದ ಪದಕಕ್ಕೆ ಸಮನಾಗಿ ಕಾಣುತ್ತೇನೆ.

ಕೋಚ್ ಮೇಲೆ ಸಿಟ್ಟು ಮಾಡಲೇಬಾರದೇ? ಮಾಡಬೇಕು. ಪ್ರತಿ ಸೋಲಿನ ನಂತರ ಆಟದ ರೀತಿಯನ್ನೇ ಬದಲಿಸುವವರ ಮೇಲೆ, ಒಂದೂವರೆ ವರ್ಷದ ನಂತರವೂ ಅದೇ ಜಾಗದಲ್ಲಿ ಅದೇ ಗೋಲು ಬಿಡುವ ತಂಡದ ಮೇಲೆ, ಹೆಸರಿಗಾಗಿ ಹಿರಿಯರನ್ನು ಇಟ್ಟುಕೊಂಡು ಹುಡುಗರನ್ನು ಶಿಬಿರದಲ್ಲೇ ಸವೆಸುವವರ ಮೇಲೆ ಖಂಡಿತ ಸಿಟ್ಟಾಗಿ. ವಿದೇಶಿ ಕೋಚ್ ಬೇಕೋ ನಮ್ಮವರೇ ಬೇಕೋ ಎಂಬ ವಾದಕ್ಕೆ ಮಾತ್ರ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಎರಡೂ ಕಡೆ ಒಳ್ಳೆಯವರು ಬಂದಿದ್ದಾರೆ, ಎರಡೂ ಕಡೆಯವರನ್ನು ಬೇಗ ಕಳಿಸಿದ್ದೇವೆ.

ನಾನು ಹೆಚ್ಚು ಕಾಳಜಿ ಮಾಡುವ ಸಂಗತಿ ಬೇರೆ ಇದೆ. ಬೆಲ್ಜಿಯಂ ಕೂಡ ಒಂದು ಕಾಲದಲ್ಲಿ ಕೋಚ್‌ಗಳನ್ನು ಬೇಗ ಬೇಗ ಬದಲಿಸಿತ್ತು; 2015ರಲ್ಲಿ ಶೇನ್ ಮೆಕ್ಲಿಯೋಡ್ ಬರುವ ಮುನ್ನ ಇಬ್ಬರು ಕೆಲವೇ ವರ್ಷಗಳಲ್ಲಿ ಬಂದು ಹೋಗಿದ್ದರು. ಆದರೂ ಅವರು ರಿಯೊದಲ್ಲಿ ಬೆಳ್ಳಿ, 2018ರಲ್ಲಿ ಭುವನೇಶ್ವರದಲ್ಲಿ ವಿಶ್ವಕಪ್, ಟೋಕಿಯೊದಲ್ಲಿ ಚಿನ್ನ ಗೆದ್ದರು, ಏಕೆಂದರೆ ಕೆಳಗಿನಿಂದ ಒಂದೇ ರೀತಿಯಲ್ಲಿ ಆಡಲು ಕಲಿತ ಹುಡುಗರ ಸಾಲು ಸಿದ್ಧವಿತ್ತು. ನಮ್ಮಲ್ಲೂ ಅದಕ್ಕೆ ಸಾಕ್ಷಿಯಿದೆ. 2016ರಲ್ಲಿ ಲಖನೌದಲ್ಲಿ ಜೂನಿಯರ್ ವಿಶ್ವಕಪ್ ಗೆದ್ದ ತಂಡದ ಹರ್ಮನ್‌ಪ್ರೀತ್, ಮನ್‌ದೀಪ್, ಸುಮಿತ್, ನೀಲಕಂಠ ಶರ್ಮ, ಗುರ್ಜಂತ್, ಸಿಮ್ರನ್‌ಜೀತ್ ಐದು ವರ್ಷಗಳ ನಂತರ ಟೋಕಿಯೊದಲ್ಲಿದ್ದರು. ಕಂಚಿನ ಪಂದ್ಯದಲ್ಲಿ ಸಿಮ್ರನ್‌ಜೀತ್ ಎರಡು ಗೋಲು ಹೊಡೆದರು. ಲಖನೌದಲ್ಲಿ ಅವರನ್ನು ತಿದ್ದಿದ ಹರೇಂದ್ರ ಸಿಂಗ್ ಆ ಹೊತ್ತಿಗೆ ತಂಡದ ಜೊತೆ ಇರಲಿಲ್ಲ.

2025ರ ಡಿಸೆಂಬರ್‌ನಲ್ಲಿ ತಮಿಳುನಾಡಿನಲ್ಲಿ ನಡೆದ ಜೂನಿಯರ್ ವಿಶ್ವಕಪ್‌ನಲ್ಲಿ ಶ್ರೀಜೇಶ್ ಕೋಚ್ ಆಗಿದ್ದ ಹುಡುಗರು ಅರ್ಜೆಂಟೀನಾ ಎದುರು 0-2ರಿಂದ ಹಿಂದೆ ಬಿದ್ದು 4-2ರಿಂದ ಗೆದ್ದು ಕಂಚು ತಂದರು. ಸೀನಿಯರ್ ತಂಡದ ಕೋಚ್ ಬಗ್ಗೆ ಕೇಳುವವರಿಗೆ ನಾನೀಗ ಆ ಪಂದ್ಯವನ್ನು ನೋಡಲು ಹೇಳುತ್ತೇನೆ. ಅದರಲ್ಲಿ ಆಡಿದವರ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ಎರಡು ವರ್ಷಗಳಲ್ಲಿ ಮುಖ್ಯ ಕೋಚ್ ಯಾರೇ ಆಗಿರಲಿ, ಆ ಹೆಸರುಗಳಲ್ಲಿ ಎಷ್ಟಕ್ಕೆ ಸೀನಿಯರ್ ಶಿಬಿರದಲ್ಲಿ ಜಾಗ ಸಿಕ್ಕಿತು ಎಂಬುದನ್ನು ಎಣಿಸಿ, ಆಮೇಲೆ ಅವರ ಕೆಲಸದ ಬಗ್ಗೆ ನಾವು ಮಾತನಾಡೋಣ.