ಮೆಜೆಸ್ಟಿಕ್ ಮಾದರಿ, ಐದನೇ ತಿಂಗಳು: ಸ್ಟೇಷನ್ ತೇಲಿಬಿಟ್ಟಿತು

ಈ ತಿಂಗಳು ಮೇಲಿನ ಅಂತಸ್ತು ಮುಗಿಸಿ ಮೆಟ್ಟಿಲು ಕೂರಿಸಬೇಕು ಅಂತಿದ್ದೆ. ಆಗಲಿಲ್ಲ. ಬೆಳಗಾವಿ ಮಳೆ ಗೊತ್ತಲ್ವಾ, ಜುಲೈನಲ್ಲಿ ಹಿಡಿದರೆ ಬಿಡುವುದಿಲ್ಲ. ಫೆವಿಕಾಲ್ ಒಣಗಲ್ಲ, ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಅದು ಸಣ್ಣ ತೊಂದರೆ, ದೊಡ್ಡದು ಮುಂದೆ ಇದೆ.

ಹೊಸದಾಗಿ ಓದುವವರಿಗೆ ಹಿಂದಿನ ಕಥೆ ಸ್ವಲ್ಪ. ನಾನು ಮಾಡುತ್ತಿರುವುದು ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೊ ಸ್ಟೇಷನ್ನಿನ ಮಾದರಿ. ಬೋರ್ಡಿನ ಮೇಲೆ ನಾಡಪ್ರಭು ಕೆಂಪೇಗೌಡ ನಿಲ್ದಾಣ ಅಂತಿದೆ, ಬಾಯಲ್ಲಿ ಎಲ್ಲರಿಗೂ ಮೆಜೆಸ್ಟಿಕ್ಕೇ. ಅಳತೆ 1:200. ಬೆಳಗಾವಿಯಲ್ಲಿ ಕೂತು ಇದ್ಯಾಕೆ ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಹತ್ತನೇ ಪ್ಲಾಟ್‌ಫಾರ್ಮ್ ಕಡೆಯಿಂದ ಮೆಟ್ರೊಗೆ ಹೋದರೆ ಅಲ್ಲಿ ನಮ್ಮ ಸಂಗೊಳ್ಳಿ ರಾಯಣ್ಣನ ಹೆಸರು. ಅಲ್ಲಿಂದ ಮೆಜೆಸ್ಟಿಕ್ ಒಂದೇ ಸ್ಟಾಪು. ಈಗಷ್ಟೇ ಯಾವ ಹಳಿಗಳ ಮೇಲೆ ಬಂದೆವೋ ಅದೇ ಹಳಿಗಳ ಕೆಳಗೆ ವಾಪಸ್ ಹೋಗುತ್ತೇವೆ. ಮೊದಲ ಸಲ ಅದು ತಲೆಗೆ ಹೊಳೆದಾಗಲೇ ಈ ಹುಚ್ಚು ಹತ್ತಿತು.

ಒಳಗಿನ ರಚನೆ ಕೇಳೋಕೆ ಸುಲಭ. ಎರಡು ದಾರಿಗಳು ಒಂದರ ಮೇಲೊಂದು ಅಡ್ಡಡ್ಡ ಹಾಯುತ್ತವೆ. ಮೇಲೆ ನೇರಳೆ ಮಾರ್ಗ, ಪೂರ್ವಕ್ಕೆ ಸೆಂಟ್ರಲ್ ಕಾಲೇಜು, ಪಶ್ಚಿಮಕ್ಕೆ ರಾಯಣ್ಣ ರೈಲು ನಿಲ್ದಾಣ. ಅದರ ಕೆಳಗೆ ಹಸಿರು ಮಾರ್ಗ, ಉತ್ತರಕ್ಕೆ ಸಂಪಿಗೆ ರಸ್ತೆ, ದಕ್ಷಿಣಕ್ಕೆ ಚಿಕ್ಕಪೇಟೆ. ನಾನು ಶುರುವಿನಲ್ಲಿ ಉಲ್ಟಾ ಮಾಡಿದ್ದೆ. ಮೊದಲು ಓಡಿದ್ದು ನೇರಳೆ, 2016ರ ಏಪ್ರಿಲ್ ಕೊನೆಗೆ. ಮನೆ ಕಟ್ಟುವಾಗ ಕೆಳಗಿನ ಮಾಳಿಗೆ ಮೊದಲು ತಾನೆ, ಹಾಗಾಗಿ ಅದೇ ಕೆಳಗಿರಬೇಕು ಅಂತ ನನ್ನ ಲೆಕ್ಕ. ಆದರೆ ಇಲ್ಲಿ ಮೇಲಿನದು ಮೊದಲು ಶುರುವಾಗಿ, ಕೆಳಗಿನ ಹಸಿರು ರೈಲು ಬಂದದ್ದು 2017ರ ಜೂನ್‌ನಲ್ಲಿ. ನಾಲ್ಕು ದಿನದ ಕೆಲಸ ಕಿತ್ತು ಹಾಕಿದೆ.

ಅಳತೆ ವಿಷಯ. ಒಂದು ಬೋಗಿ ಸುಮಾರು 21 ಮೀಟರ್, ಆರು ಬೋಗಿಗೆ ಹತ್ತಿರ ಹತ್ತಿರ 126. ಮಾದರಿಯಲ್ಲಿ ಅದು 63 ಸೆಂಟಿಮೀಟರ್. ಸ್ಟೇಷನ್ ಪೆಟ್ಟಿಗೆಯ ಒಂದೊಂದು ತೋಳನ್ನೂ 70 ಸೆಂಟಿಮೀಟರ್ ಇಟ್ಟಿದ್ದೇನೆ. ಸುರಂಗದ ಒಳಗಿನ ಅಗಲ ಐದೂವರೆ ಮೀಟರ್ ಆಸುಪಾಸು, ಅದಕ್ಕೆ ಒಂದು ಇಂಚಿನ ಪಿವಿಸಿ ಪೈಪ್ ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತದೆ. ನಾಲ್ಕು ದಿಕ್ಕಿಗೆ ಎರಡೆರಡು, ಒಟ್ಟು ಎಂಟು ತುಂಡು. ಖಡೇಬಜಾರ್‌ನಲ್ಲಿ ಅಂಗಡಿಯವರು 'ಬಾತ್‌ರೂಮ್ ಮಾಡಸಾಕತ್ತೀರೇನ್ರಿ' ಅಂದರು. ಹೂಂ ಅಂದೆ, ಯಾರು ವಿವರಿಸ್ತಾರೆ.

ಸ್ಟೇಷನ್ನನ್ನು ಸುರಂಗದ ಹಾಗೆ ಕೊರೆಯುವುದಿಲ್ಲ, ಮೇಲಿನಿಂದ ದೊಡ್ಡ ಗುಂಡಿ ತೋಡಿ, ಒಳಗೆ ಕಾಂಕ್ರೀಟ್ ಪೆಟ್ಟಿಗೆ ಕಟ್ಟಿ, ಮೇಲೆ ಮತ್ತೆ ಮಣ್ಣು ಮುಚ್ಚುತ್ತಾರೆ. ಎರಡು ಸ್ಟೇಷನ್ ನಡುವಿನದ್ದು ಮಾತ್ರ ಮೆಷಿನ್ ಕೊರೆಯುತ್ತದೆ. ಮೊದಲ ಹಂತದ ಮೆಷಿನ್‌ಗಳಿಗೆ ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ ಅಂತ ಹೆಸರಿಟ್ಟಿದ್ದರು. ನಾನು ಪೈಪ್ ತುಂಡುಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಅದೇ ಹೆಸರು ಬರೆದಿದ್ದೇನೆ. ಅಥಣಿ ಕಡೆ ಹರಿಯುವ ನದಿ ಅಂತ ಕೃಷ್ಣೆಗೆ ಒಳ್ಳೆ ತುಂಡು ಕೊಟ್ಟೆ, ಪಕ್ಷಪಾತ ಒಪ್ಪಿಕೊಳ್ಳುತ್ತೇನೆ.

ಈಗ ಆ ರಾತ್ರಿಯ ಕಥೆ. ಪ್ಲೈವುಡ್ ತಟ್ಟೆಗೆ ತಾಡಪತ್ರಿ ಹಾಸಿ, ಜರಡಿ ಹಿಡಿದ ಮರಳು ತುಂಬಿ, ಅದರೊಳಗೆ ಫೋಮ್ ಶೀಟಿನ ಸ್ಟೇಷನ್ ಹೂತಿದ್ದೆ. ಮರಳೇ ಬೆಂಗಳೂರಿನ ನೆಲ. ಪೈಪ್ ಇನ್ನೂ ಕೂರಿಸಿರಲಿಲ್ಲ, ಆ ತೂತುಗಳಿಗೆ ಟೇಪ್ ಸುತ್ತಿದ್ದೆ, ಗ್ಲೂ ಗನ್ನಿನಿಂದ ಸಂದುಗಳನ್ನೆಲ್ಲ ಮುಚ್ಚಿದ್ದೆ. ನಮ್ಮದು ಹಂಚಿನ ಮನೆ. ರಾತ್ರಿ ಒಂದು ಹಂಚು ಸರಿದು ಸೋರಿದ್ದು ಸರಿಯಾಗಿ ತಟ್ಟೆಯೊಳಕ್ಕೇ. ಬೆಳಿಗ್ಗೆ ಎದ್ದು ನೋಡಿದರೆ ಸ್ಟೇಷನ್ನಿನ ಚಿಕ್ಕಪೇಟೆ ಕಡೆಯ ತುದಿ ನಾಲ್ಕು ಬೆರಳು ಮೇಲೆದ್ದಿದೆ. ಸಂಪಿಗೆ ರಸ್ತೆ ಮರಳಿನೊಳಗೆ, ಚಿಕ್ಕಪೇಟೆ ಗಾಳಿಯಲ್ಲಿ. ಅವ್ವ ಚಹಾ ಹಿಡಿದುಕೊಂಡು ಬಂದು ನೋಡಿ 'ಹಡಗ ಯಾವಾಗ ಮಾಡಿದಿ?' ಅಂದಳು.

ಆಮೇಲೆ ಕೂತು ಲೆಕ್ಕ ಹಾಕಿದೆ. ತಳ 70 ಸೆಂಟಿಮೀಟರ್ ಉದ್ದ, 14 ಅಗಲ, ನೀರು ಸುಮಾರು 5 ಸೆಂಟಿಮೀಟರ್ ಏರಿತ್ತು. ಗುಣಿಸಿದರೆ 4,900 ಸಿಸಿ, ಅಂದರೆ ಸುಮಾರು 5 ಕಿಲೊ ಬಲ ಕೆಳಗಿನಿಂದ ನೂಕುತ್ತಿದೆ. ನನ್ನ ಪೆಟ್ಟಿಗೆಯ ತೂಕ 800 ಗ್ರಾಂ. ತೇಲದೆ ಏನು ಮಾಡುತ್ತೆ ಪಾಪ.

ನಿಜವಾದ ಸ್ಟೇಷನ್ನಿಗೂ ಇದೇ ಕಾಟ. ಅಷ್ಟು ದೊಡ್ಡ ಕಾಂಕ್ರೀಟ್ ಕಟ್ಟಡ ತೇಲುವುದು ಹೇಗೆ ಅನ್ನಿಸುತ್ತದೆ, ಆದರೆ ಒಳಗಿರುವುದು ಬಹುಪಾಲು ಖಾಲಿ ಜಾಗ, ಸುತ್ತ ಅಂತರ್ಜಲ. ಅದಕ್ಕೇ ತಳದ ಸ್ಲ್ಯಾಬನ್ನು ದಪ್ಪ ಹಾಕುತ್ತಾರೆ, ಚಾವಣಿ ಮೇಲೆ ಹೊರೆ ಮಣ್ಣು ಹೇರುತ್ತಾರೆ, ಸಾಲದಿದ್ದರೆ ತಳದಿಂದ ಕೆಳಕ್ಕೆ ಪೈಲ್, ಅಂದರೆ ನೆಲದಾಳಕ್ಕೆ ಹೋಗುವ ಕಂಬ, ಇಳಿಸಿ ಹಿಡಿದೆಳೆಯುತ್ತಾರೆ. ಕಟ್ಟುವಾಗ ತೂಕ ಸಾಕಾಗುವ ತನಕ ನೀರನ್ನು ಪಂಪ್ ಮಾಡಿ ಹೊರಗೆ ಹಾಕುತ್ತಲೇ ಇರಬೇಕು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ, ಬೆಂಗಳೂರು ಪೇಟೆಗೆ ನೀರು ಕೊಟ್ಟ ಕೆರೆ ಅದು. ಇಷ್ಟು ದಿನ ಅದನ್ನು ಸುಮ್ನೆ ಹಳೇ ಕಥೆ ಅಂತ ಓದಿ ಬಿಟ್ಟಿದ್ದೆ. ಈಗ ನೋಡಿದರೆ ನನ್ನ ತಟ್ಟೆಯಲ್ಲೇ ಒಂದು ಕೆರೆ ಆಗಿತ್ತು.

ಪಕ್ಕದ ಕಿರಾಣಿ ಅಂಗಡಿಯ ಕಾಕಾ ಹತ್ತಿರ ಹಳೇ ತೂಕದ ಕಲ್ಲು ಇದ್ದವು, ಎರಡು ಕಿಲೊದ್ದು ಎರಡು, ಒಂದು ಕಿಲೊದ್ದು ಒಂದು. ಹಸಿರು ಮಾರ್ಗದ ತಳಕ್ಕೆ ಅವನ್ನು ಉದ್ದಕ್ಕೆ ಜೋಡಿಸಿ, ಮೇಲೆ ಪ್ಲಾಸ್ಟರ್ ಸುರಿದೆ. ಬೇಕಂತಲೇ ಎರಡು ಬಕೆಟ್ ನೀರು ಹಾಕಿ ರಾತ್ರಿ ಬಿಟ್ಟೆ. ಅಲುಗಲಿಲ್ಲ. ಕಲ್ಲು ವಾಪಸ್ ಕೊಡೋದು ಯಾವಾಗ ಅಂತ ಕಾಕಾ ಕೇಳುತ್ತಿದ್ದಾರೆ, ಅವು ಪ್ಲಾಸ್ಟರ್ ಒಳಗಿವೆ ಅಂತ ಇನ್ನೂ ಹೇಳಿಲ್ಲ.

ಗಾಳಿ ಕೊಳವೆಗಳು ಬಾಕಿ ಇವೆ. ಮೆಜೆಸ್ಟಿಕ್‌ನಲ್ಲಿ ರೈಲು ಕಾಣುವ ಮೊದಲೇ ಮುಖಕ್ಕೆ ಗಾಳಿ ಬಡಿಯುತ್ತದಲ್ಲ, ಸುರಂಗದ ಗಾಳಿಯನ್ನು ರೈಲು ಮುಂದಕ್ಕೆ ತಳ್ಳಿಕೊಂಡು ಬರುವುದರಿಂದ ಹಾಗೆ. ಜೂಸ್ ಸ್ಟ್ರಾ ತಂದಿಟ್ಟಿದ್ದೇನೆ. ಹಳಿಗೆ ಪಕ್ಕದಲ್ಲಿ ಮೂರನೇ ಹಳಿ ಅಂತ ಸಣ್ಣ ತಾಮ್ರದ ತಂತಿಯನ್ನೂ ಅಂಟಿಸಿಯಾಯಿತು. ನಿಜದಲ್ಲಿ 750 ವೋಲ್ಟ್ ಹರಿಯುವುದು ಅದರಲ್ಲೇ, ಮೇಲೆ ತಂತಿ ಇರುವುದಿಲ್ಲ.

ಎಸ್ಕಲೇಟರ್‌ಗೆ ಬಹಳ ತಲೆ ಕೆಡಿಸಿಕೊಂಡೆ. ಈ ಅಳತೆಯಲ್ಲಿ ಮೆಟ್ಟಿಲು ಕತ್ತರಿಸೋಕೆ ಕೈ ಬರಲ್ಲ. ಕೊನೆಗೆ ಸಿಕ್ಕಿದ್ದು ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆ. ಹಲ್ಲುಗಳನ್ನು ಗಿಡ್ಡ ಕತ್ತರಿಸಿ ಓರೆಯಾಗಿ ಅಂಟಿಸಿದರೆ ಥೇಟ್ ಎಸ್ಕಲೇಟರ್. ಒಂದು ಆಗಿದೆ, ಇನ್ನೂ ಏಳು ಬೇಕು. ಅವ್ವ ಎರಡು ದಿನದಿಂದ ಹಣಿಗೆ ಹುಡುಕುತ್ತಿದ್ದಾಳೆ.